ಮಗ್ಗದೂರುಗಳಲ್ಲಿ ಆರಾಧನೆ
ಉತ್ತರ ಕರ್ನಾಟಕದ ಆಡುಮಾತಿನಲ್ಲಿ ದೇವರಿಗೆ ಸಲ್ಲಿಸುವ ಸೇವೆಗೆ 'ಪೂಜೆ' ಎಂಬುದೇ ರೂಢಿಯ ಹೆಸರು. ಕನ್ನಡ ಕಥೋಲಿಕರು ಈ ಪದವನ್ನು 'ಬಲಿಪೂಜೆ' ಎಂಬಲ್ಲಿ ಉಳಿಸಿಕೊಂಡರೆ, ಪ್ರಾಟೆಸ್ಟಂಟ್ ಸಭೆಗಳು 'ಆರಾಧನೆ'ಯನ್ನು ಆರಿಸಿಕೊಂಡವು. ಇದು ಬರಿಯ ಪದವ್ಯತ್ಯಾಸವಲ್ಲವೆಂಬುದು ನೇಕಾರ ಊರುಗಳ ಚರಿತ್ರೆಯನ್ನು ಗಮನಿಸಿದಾಗ ತಿಳಿಯುತ್ತದೆ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡಗಳಲ್ಲಿ ನೆಲೆಯೂರಿತು. ಬನಹಟ್ಟಿ ಅಂದು ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದು, ಮಿಷನ್ನಿನ ಮುಖ್ಯ ಕೇಂದ್ರಗಳ ಸಾಲಿನಲ್ಲಿ ಇರಲಿಲ್ಲ. ಆದರೆ ಬನಹಟ್ಟಿಗೂ ಗುಳೇದಗುಡ್ಡಕ್ಕೂ ಮಗ್ಗವೇ ಜೀವನಾಧಾರ. ಆದುದರಿಂದ ಈ ಭಾಗದ ನೇಕಾರ ಬದುಕಿನಲ್ಲಿ ಕ್ರೈಸ್ತ ಆರಾಧನೆ ಪಡೆದ ಅರ್ಥವನ್ನು ಗುಳೇದಗುಡ್ಡದ ನಿದರ್ಶನದಿಂದಲೇ ಅರಿಯಬೇಕಾಗುತ್ತದೆ.

ಲಿಂಗವಂತ ಹಿನ್ನೆಲೆಯಿಂದ ಬಂದವನಿಗೆ ಪೂಜೆಯೆಂದರೆ ಅಂಗೈಯ ಇಷ್ಟಲಿಂಗದೊಡನೆ ನಡೆಯುವ ಏಕಾಂತದ ಅನುಸಂಧಾನ. ದೀಕ್ಷಾಸ್ನಾನದೊಂದಿಗೆ ಆ ಲಿಂಗವನ್ನು ಬಿಡಬೇಕಾಗಿತ್ತು. ದೇವರ ಕುರುಹು ಕೈಯಿಂದ ಹೋಯಿತು. ಬದಲಿಗೆ ಗೀತಪುಸ್ತಕ ಬಂದಿತು. ಅಕ್ಷರ ಬಾರದವರು ಕೇಳಿ ಕಂಠಸ್ಥ ಮಾಡಿಕೊಳ್ಳಬೇಕಾಯಿತು. ಜಾನಪದದ ದೃಷ್ಟಿಯಿಂದ ಇದು ಸಣ್ಣ ಸಂಗತಿಯಲ್ಲ. ಒಬ್ಬನೇ ಕುಳಿತು ಮಾಡುತ್ತಿದ್ದ ಉಪಾಸನೆ, ಬೇರೆ ಬೇರೆ ಜಾತಿಗಳಿಂದ ಬಂದವರು ಒಂದೇ ದನಿಯಲ್ಲಿ ಹಾಡುವ, ಒಂದೇ ರೊಟ್ಟಿಯಲ್ಲಿ ಪಾಲು ಪಡೆಯುವ ಸಾಮೂಹಿಕ ಕ್ರಿಯೆಯಾಯಿತು. ಕುಲದ ಪಂಕ್ತಿಯಿಂದ ಹೊರಬೀಳುವ ಭಯ ಹುಟ್ಟಿದ್ದೂ ಇಲ್ಲಿಯೇ. ಸಿದ್ಧಾಂತಕ್ಕಿಂತ ಸಹಭೋಜನವೇ ಕಠಿಣ ಪರೀಕ್ಷೆಯಾಗಿತ್ತೆಂದರೆ ತಪ್ಪಾಗದು.

ಎರಡನೆಯ ಬದಲಾವಣೆ ಕಾಲಕ್ಕೆ ಸಂಬಂಧಿಸಿದ್ದು. ಸೋಮವಾರ ಬಸವನ ದಿನವೆಂದು ಎತ್ತು ಹೂಡದ ಪದ್ಧತಿ ಈ ಸೀಮೆಯ ಒಕ್ಕಲುತನದಲ್ಲಿದೆ. ಬನಹಟ್ಟಿಯಲ್ಲಿ ಕಾಡಸಿದ್ಧೇಶ್ವರ ಜಾತ್ರೆ ಬಂತೆಂದರೆ ಇಡೀ ಊರು ಹಬ್ಬದಲ್ಲಿ ಸೇರುತ್ತದೆ. ಬಿಡುವು ಇಲ್ಲಿನವರಿಗೆ ಹೊಸದಲ್ಲ. ಆದರೆ ಅದು ಊರೊಟ್ಟಿನದು. ಊರೆಲ್ಲ ಲಾಳಿಯ ಸದ್ದಿರುವಾಗ ಒಂದು ಮನೆಯ ಮಗ್ಗ ಮಾತ್ರ ಭಾನುವಾರ ಸುಮ್ಮನಿರುವುದು ಬೇರೆಯೇ ಮಾತು. ನೆಯ್ದಷ್ಟೇ ಕೂಲಿ ಪಡೆಯುವವನು ವಾರಕ್ಕೊಂದು ದಿನದ ಗಳಿಕೆಯನ್ನು ಬಿಡುತ್ತಿದ್ದ. ಹೂವು, ಕಾಯಿ, ಎಡೆಗಳಿಲ್ಲದ ಆ ಆರಾಧನೆಯಲ್ಲಿ ನೈವೇದ್ಯವೆಂದು ಕರೆಯಬಹುದಾದದ್ದು ಈ ನಿಂತ ಮಗ್ಗವೇ.

ಹಾಡಿನ ವಿಷಯದಲ್ಲಿ ಮಿಷನ್ನಿನವರ ನಿಲುವು ಪೂರ್ತಿ ಒಂದೇ ಬಗೆಯದಾಗಿರಲಿಲ್ಲ. ಜರ್ಮನ್ ಗೀತೆಗಳನ್ನು ಕನ್ನಡಿಸಿ ಅವೇ ರಾಗಗಳಲ್ಲಿ ಹಾಡಿಸುವುದು ಸಾಮಾನ್ಯವಾಗಿತ್ತು. ಕಿಟ್ಟೆಲರು ಮಾತ್ರ 1862ರ 'ಕಥಾಮಾಲೆ'ಯಲ್ಲಿ ಕ್ರಿಸ್ತಚರಿತೆಯನ್ನು ಕನ್ನಡದ ಛಂದಸ್ಸಿಗೆ ತಂದರು. ಕಾವ್ಯವಾಚನವನ್ನೂ ಭಜನೆಯನ್ನೂ ಕೇಳಿ ಬೆಳೆದ ಕಿವಿಗೆ ಈ ಧಾಟಿ ಪರಕೀಯವಲ್ಲ. ನಿಘಂಟುಕಾರ ಕಿಟ್ಟೆಲರ ಕೀರ್ತಿಯಲ್ಲಿ ಈ ಕೃತಿ ಮರೆಯಾದುದು ವಿಷಾದದ ಸಂಗತಿ.