ಸಾರ್ವಜನಿಕ ನೀತಿ ಮತ್ತು ಆಡಳಿತ: ಸ್ನಾತಕೋತ್ತರ ಶಿಕ್ಷಣ

ಸರ್ಕಾರದ ತೀರ್ಮಾನಗಳು ಹೇಗೆ ರೂಪುಗೊಳ್ಳುತ್ತವೆ, ಹೇಗೆ ಜಾರಿಯಾಗುತ್ತವೆ, ಅವುಗಳ ಲಾಭನಷ್ಟ ಯಾರ ಪಾಲಿಗೆ ಬರುತ್ತದೆ ಎಂಬುದನ್ನು ಅರ್ಥಶಾಸ್ತ್ರ, ಕಾನೂನು, ರಾಜ್ಯಶಾಸ್ತ್ರ, ಸಂಖ್ಯಾಶಾಸ್ತ್ರಗಳ ನೆರವಿನಿಂದ ಪರಿಶೀಲಿಸುವ ಅಧ್ಯಯನ ಶಾಖೆ.

ಕರ್ನಾಟಕದಲ್ಲಿ: ಬೆಂಗಳೂರಿನಲ್ಲಿ 1972ರಲ್ಲಿ ವಿ.ಕೆ.ಆರ್.ವಿ. ರಾವ್ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ನೀತಿ ಸಂಶೋಧನೆಗೆ ತಳಹದಿ ಹಾಕಿತು. ರಾಷ್ಟ್ರೀಯ ಕಾನೂನು ಶಾಲೆ 2014ರಲ್ಲಿ ಸಾರ್ವಜನಿಕ ನೀತಿಯ ಎರಡು ವರ್ಷಗಳ ಸ್ನಾತಕೋತ್ತರ ಪದವಿ ಆರಂಭಿಸಿತು. ಖಾಸಗಿ ವಲಯದಲ್ಲಿ ಪ್ರಮುಖವಾದುದು ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ. ರಾಜ್ಯ ವಿಧಾನಮಂಡಲದ 2010ರ ಕಾಯ್ದೆಯಡಿ ಸ್ಥಾಪನೆಯಾಗಿ, 2011ರಲ್ಲಿ ತರಗತಿ ಆರಂಭಿಸಿದ ಈ ಸಂಸ್ಥೆ ಶಿಕ್ಷಣ ಮತ್ತು ಅಭಿವೃದ್ಧಿ ವಿಷಯಗಳ ಜೊತೆಗೆ ಸಾರ್ವಜನಿಕ ನೀತಿ ಮತ್ತು ಆಡಳಿತದಲ್ಲಿಯೂ ಎಂ.ಎ. ಪದವಿ ರೂಪಿಸಿತು. ಇಲ್ಲಿನ ಸ್ನಾತಕೋತ್ತರ ವ್ಯಾಸಂಗದಲ್ಲಿ ಕ್ಷೇತ್ರಕಾರ್ಯವೂ ಸೇರಿದೆ.

ಕಾರವಾರ–ಅಂಕೋಲಾದ ನಿದರ್ಶನ: ಈ ವಿಷಯ ಎತ್ತುವ ಪ್ರಶ್ನೆಗಳು ಉತ್ತರ ಕನ್ನಡದ ಈ ಎರಡು ತಾಲ್ಲೂಕುಗಳಲ್ಲಿ ಒತ್ತೊತ್ತಾಗಿ ಕಾಣಸಿಗುತ್ತವೆ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಶಂಕುಸ್ಥಾಪನೆಯಾದಾಗ ಭೂಸ್ವಾಧೀನಕ್ಕೆ ಇದ್ದದ್ದು 1894ರ ಕಾಯ್ದೆ. ಅದು ಮುಖ್ಯವಾಗಿ ಜಮೀನಿನ ಬೆಲೆ ಕಟ್ಟುವುದಕ್ಕೆ ಸೀಮಿತವಾಗಿತ್ತು. ಮೀನುಗಾರಿಕೆಯಂಥ ಕಸುಬಿನ ನಷ್ಟವನ್ನು ಲೆಕ್ಕಕ್ಕೆ ತಂದುಕೊಳ್ಳುವ ಪುನರ್ವಸತಿ ಹಕ್ಕು ಅದರಲ್ಲಿರಲಿಲ್ಲ. ಹೆಚ್ಚಿನ ಪರಿಹಾರಕ್ಕಾಗಿ ನೌಕಾನೆಲೆಯ ನಿರಾಶ್ರಿತರು ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆದರು. ಸಾಮಾಜಿಕ ಪರಿಣಾಮದ ಅಂದಾಜು ಮತ್ತು ಪುನರ್ವಸತಿ ಕಾನೂನಿನ ಭಾಗವಾದದ್ದು 2013ರ ಕಾಯ್ದೆಯಿಂದ.

2020ರ ಜನವರಿಯಲ್ಲಿ ಸಾಗರಮಾಲಾ ಯೋಜನೆಯಡಿ ಕಾರವಾರ ಬಂದರಿನ ಎರಡನೇ ಹಂತದ ವಿಸ್ತರಣೆ ಕೈಗೆತ್ತಿಕೊಂಡಾಗ ಮೀನುಗಾರರು ಬೀದಿಗಿಳಿದರು. ರಂಪಣಿ ಬಲೆಯನ್ನು ದಡಕ್ಕೆ ಎಳೆಯಲು ತೆರೆದ ಮರಳ ದಂಡೆ ಬೇಕು. ವಿಸ್ತರಣೆಯಿಂದ ಕಾರವಾರದ ಟ್ಯಾಗೋರ್ ಕಡಲತೀರ ಕೈತಪ್ಪಿದರೆ ಕಸುಬೇ ಹೋಗುತ್ತದೆ ಎಂಬುದು ಅವರ ಆತಂಕವಾಗಿತ್ತು.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಮಣ್ಣು ಗಂಗಾವಳಿ ನದಿಯವರೆಗೂ ಜಾರಿತು. ಹೆದ್ದಾರಿ ಕೇಂದ್ರ ಪ್ರಾಧಿಕಾರದ್ದು. ಭೂಕುಸಿತ ಅಧ್ಯಯನ ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯದು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾ ವಿಪತ್ತು ನಿರ್ವಹಣೆಯ ನೇತೃತ್ವ ಜಿಲ್ಲಾಧಿಕಾರಿಯದು. ಹೀಗೆ ಹಂಚಿಹೋದ ಹೊಣೆಯಲ್ಲಿ ಮುನ್ನೆಚ್ಚರಿಕೆ ಯಾರ ಕೆಲಸ ಎಂಬುದು ಆಡಳಿತ ಅಧ್ಯಯನದ ಮೂಲ ಪ್ರಶ್ನೆಗಳಲ್ಲೊಂದು.

ಉದ್ಯೋಗ: ಪದವೀಧರರು ಸಂಶೋಧನಾ ಸಂಸ್ಥೆ, ಸ್ವಯಂಸೇವಾ ಸಂಘಟನೆ ಮತ್ತು ಸರ್ಕಾರದ ಸಲಹಾ ಘಟಕಗಳಲ್ಲಿ ಕೆಲಸ ಮಾಡುತ್ತಾರೆ. ಈ ಪದವಿಯಿಂದ ಸರ್ಕಾರಿ ಹುದ್ದೆ ನೇರವಾಗಿ ದೊರೆಯುವುದಿಲ್ಲ. ನಾಗರಿಕ ಸೇವೆಗೆ ಯಾವುದೇ ವಿಷಯದ ಪದವೀಧರರೂ ಸ್ಪರ್ಧಾತ್ಮಕ ಪರೀಕ್ಷೆ ಬರೆದೇ ಆಯ್ಕೆಯಾಗಬೇಕು.