ಚಂದ್ರವಳ್ಳಿಯ ಬೆಳ್ಳಿ, ಲಂಡನ್ನಿನ ಲೆಕ್ಕ

ನಮ್ಮೂರು ಚಿತ್ರದುರ್ಗ. ಲಂಡನ್ನಿನ ಹಣಕಾಸಿನ ಕೇರಿಯಾದ 'ಸಿಟಿ'ಯಲ್ಲಿ ಲೆಕ್ಕಪತ್ರ ನೋಡುವುದು ನನ್ನ ಕಸುಬು. ಸಾಲ ಯಾರದು, ಯಾರಿಗೆ ಬರಬೇಕು, ಯಾವ ದಿನದ್ದು ಎಂದು ದಿನವಿಡೀ ಕೇಳುವ ನನಗೆ ಇಲ್ಲಿಯ ವಾಲ್‌ಬ್ರೂಕ್ ಬೀದಿಯ ಮೇಲೆ ಬಹಳ ಅಭಿಮಾನ. ಬ್ಲೂಮ್‌ಬರ್ಗ್ ಕಟ್ಟಡ ಏಳುವ ಮೊದಲು ಪುರಾತತ್ವಜ್ಞರು ಅಲ್ಲಿ ಅಗೆದಾಗ ರೋಮನ್ನರ ಕಾಲದ 400ಕ್ಕೂ ಹೆಚ್ಚು ಬರೆಹದ ಹಲಗೆಗಳು ಸಿಕ್ಕವು. ಹಿಂದೊಮ್ಮೆ ಅಲ್ಲಿ ಹರಿಯುತ್ತಿದ್ದ ಹಳ್ಳದ ಕೆಸರು ಗಾಳಿ ತಾಗಗೊಡದೆ ಮರವನ್ನು ಕಾಪಾಡಿತ್ತು.

ಹಲಗೆಯ ನಡುವೆ ತಗ್ಗು ಕೊರೆದು, ಮೇಣ ತುಂಬಿ, ಕಬ್ಬಿಣದ ಕಂಟದಿಂದ ಬರೆಯುತ್ತಿದ್ದರು. ಮೇಣ ನಶಿಸಿಹೋಗಿದೆ. ಕಂಟದ ಮೊನೆ ಮರಕ್ಕೆ ತಾಗಿ ಎದ್ದ ಗೀರುಗಳು ಉಳಿದಿವೆ. ಅಂಥದೊಂದು ಹಲಗೆಯ ತಾರೀಖು ಕ್ರಿ.ಶ. 57ರ ಜನವರಿ 8. ಗುಲಾಮಗಿರಿಯಿಂದ ಬಿಡುಗಡೆಯಾದ ಟಿಬುಲ್ಲಸ್ ಎಂಬಾತ, ತನ್ನಂತೆಯೇ ಬಿಡುಗಡೆಯಾದ ಗ್ರಾಟಸ್‌ಗೆ ಸರಕಿನ ಬಾಬ್ತು 105 ದಿನಾರಿಯಸ್ ಕೊಡಬೇಕೆಂದು ಬರೆದುಕೊಟ್ಟಿದ್ದಾನೆ. ರೋಮನ್ ಸೇನೆ ಬ್ರಿಟನ್ನಿಗೆ ಬಂದಿಳಿದು ಆಗಿನ್ನೂ 14 ವರ್ಷ ತುಂಬಿರಲಿಲ್ಲ. ಊರಿಗೆ ಕಲ್ಲಿನ ಕೋಟೆ ಬರುವ ಎಷ್ಟೋ ಮೊದಲೇ ಸಾಲಪತ್ರ ಬಂದಿತ್ತು. ಬರೆದುಕೊಟ್ಟ ಮಾತಿಗೆ ಬೆಲೆಯುಂಟು ಎಂಬ ಅದೇ ನಂಬಿಕೆಯ ಮೇಲೆ ಇವತ್ತಿನ ಸಿಟಿಯೂ ನಿಂತಿದೆ.

ದಿನಾರಿಯಸ್ ರೋಮಿನ ಬೆಳ್ಳಿ ನಾಣ್ಯ. ಸಾಮ್ರಾಜ್ಯ ಅಳಿದರೂ ಅದರ ಗುರುತು ಬ್ರಿಟನ್ನಿನ ಲೆಕ್ಕದ ಪುಸ್ತಕ ಬಿಡಲಿಲ್ಲ. 12 ಪೆನ್ನಿಗೆ ಒಂದು ಶಿಲಿಂಗ್, 20 ಶಿಲಿಂಗಿಗೆ ಒಂದು ಪೌಂಡ್ ಎಂಬ ಹಳೆಯ ಲೆಕ್ಕ 1971ರ ಫೆಬ್ರವರಿ 15ಕ್ಕೆ ಮುಗಿಯುವವರೆಗೂ ಪೆನ್ನಿಯ ಕಾಲಮ್ಮಿನ ತಲೆಯ ಮೇಲೆ 'ಡಿ' ಎಂದೇ ಇರುತ್ತಿತ್ತು. ಅದು ದಿನಾರಿಯಸ್‌ನ ಮೊದಲ ಅಕ್ಷರ.

ಅದೇ ನಾಣ್ಯ ನಮ್ಮೂರ ಮಣ್ಣಿನಲ್ಲೂ ಇತ್ತು. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಮೊದಲು ಎಂ.ಎಚ್. ಕೃಷ್ಣ, ಬಳಿಕ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು. ಶಾತವಾಹನರ ಕಾಲದ ಆ ನೆಲೆಯಲ್ಲಿ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ದಿನಾರಿಯಸ್‌ಗಳು ದೊರೆತವು. ವೀಲರ್ ಅದಕ್ಕೂ ಮೊದಲು ಲಂಡನ್ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದವರು, ರೋಮನ್ ಲಂಡನ್ನನ್ನು ಚೆನ್ನಾಗಿ ಅರಿತವರು. ಒಂದೇ ನಾಣ್ಯದ ಎರಡೂ ತುದಿಗಳನ್ನು ಅವರು ಬಲ್ಲವರಾಗಿದ್ದರು.

ಬೆಳ್ಳಿ ನಮ್ಮ ಕಡೆ ಸುಮ್ಮನೆ ಬರಲಿಲ್ಲ. ಮಾನ್ಸೂನ್ ಗಾಳಿ ಹಿಡಿದು ಕೆಂಪು ಸಮುದ್ರದ ಬಂದರುಗಳಿಂದ ಹೊರಟ ಹಡಗುಗಳು ನಮ್ಮ ಪಶ್ಚಿಮ ಕರಾವಳಿಗೆ ಬಂದು ಮೆಣಸು, ಮುತ್ತು, ನವಿರಾದ ಬಟ್ಟೆ ತುಂಬಿಕೊಂಡು ಮರಳುತ್ತಿದ್ದವು. ಭಾರತ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಸೆಳೆದುಕೊಳ್ಳುತ್ತಿದೆ ಎಂದು ರೋಮನ್ ಲೇಖಕ ಪ್ಲಿನಿ ದೂರಿದ್ದಾನೆ. ನಾಲ್ಕು ಸೆಸ್ಟರ್ಸಿಗೆ ಒಂದು ದಿನಾರಿಯಸ್. ಅಂದರೆ ಒಂದೂಕಾಲು ಕೋಟಿ ದಿನಾರಿಯಸ್! ಆ ಮೆಣಸಿನ ರುಚಿ ಬ್ರಿಟನ್ನಿಗೂ ಹತ್ತಿತ್ತು. ಸಫೋಕ್‌ನ ಹಾಕ್ಸ್‌ನ್ ಎಂಬಲ್ಲಿ 1992ರಲ್ಲಿ ಸಿಕ್ಕ ರೋಮನ್ನರ ಕಾಲದ ಬೆಳ್ಳಿಯ ಮೆಣಸಿನ ಡಬ್ಬಿ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಒಡವೆ ತೊಟ್ಟ ಹೆಂಗಸಿನ ಆಕಾರ. ತಳದ ಬಿಲ್ಲೆ ತಿರುಗಿಸಿದರೆ ತುಂಬಬಹುದು, ಉದುರಿಸಬಹುದು, ಮುಚ್ಚಬಹುದು.

ಪಶ್ಚಿಮದ ಬೇರು ಗ್ರೀಸ್, ರೋಮ್‌ಗಳಲ್ಲಿದೆ ಎನ್ನುವುದನ್ನು ನಾನು ಒಪ್ಪುತ್ತೇನೆ. ಆದರೆ ರೋಮಿನ ಸಿರಿವಂತರ ಊಟ, ಉಡುಗೆ, ಸುಂಕದ ಆದಾಯ, ಇವುಗಳಲ್ಲೆಲ್ಲ ನಮ್ಮ ಬೆಳೆಗಾರರ, ನೇಕಾರರ, ವರ್ತಕರ ದುಡಿಮೆ ಸೇರಿತ್ತು. ಕೊಟ್ಟವರ ಹೆಸರು ಬಿಟ್ಟು ಪಡೆದವರದನ್ನಷ್ಟೇ ಬರೆದರೆ ಲೆಕ್ಕ ತಾಳೆಯಾಗುವುದಿಲ್ಲ. ಇಲ್ಲಿ ಬೆಳೆಯುವ ಕನ್ನಡದ ಮಕ್ಕಳು ಶಾಲೆಯಲ್ಲಿ ರೋಮನ್ನರ ಪಾಠ ಓದುತ್ತಾರೆ. ಅವರಿಗೂ ಅವರ ಜೊತೆ ಓದುವ ಇಂಗ್ಲಿಷ್ ಮಕ್ಕಳಿಗೂ ಹೇಳುವ ಆ ಪಾಠದಲ್ಲಿ ಚಂದ್ರವಳ್ಳಿಯ ಹೆಸರು ಬರಬೇಕು.