ಕರಗಲೆಂದು ಕಟ್ಟಿದ ಬಿಡಾರಗಳು: ಹಿಮದ ಹೋಟೆಲುಗಳ ಚರಿತ್ರೆ

ಕಾವೇರಿ ಮತ್ತು ಕಪಿಲೆ ಕೂಡುವ ತಿರುಮಕೂಡಲಿನ ಸೀಮೆಯಲ್ಲಿ, ಅಂದರೆ ವ್ಯಾಸರಾಜ ಮಠದಿಂದ ಹೆಸರಾದ ಸೋಸಲೆಯೂ ಮರಳಿನಿಂದ ಹೆಸರಾದ ತಲಕಾಡೂ ಇರುವ ತಾಲ್ಲೂಕಿನಲ್ಲಿ, ಕೆಲವೇ ದಿನ ನಿಂತು ಇಲ್ಲವಾಗುವ ಕಟ್ಟಡವೆಂಬುದು ಹೊಸ ಸಂಗತಿಯೇನಲ್ಲ. ಮುಡುಕುತೊರೆಯ ದನಗಳ ಜಾತ್ರೆಗೆ ಬರುವ ರೈತರು ತಮ್ಮ ಜೋಡೆತ್ತುಗಳಿಗೆಂದು ಚಪ್ಪರ ಹಾಕಿ, ಅದನ್ನು ಸಿಂಗರಿಸಿ, ಜಾತ್ರೆ ಮುಗಿದೊಡನೆ ಬಿಚ್ಚಿಕೊಂಡು ಹೋಗುತ್ತಾರೆ. ತಲಕಾಡಿನಲ್ಲಿ ಪಂಚಲಿಂಗ ದರ್ಶನ ಬಂದಾಗಲೆಲ್ಲ ದೇಗುಲಗಳ ಸುತ್ತಲಿನ ಮರಳನ್ನು ಸರಿಸಿ, ಯಾತ್ರಿಕರ ಸಾಲಿಗೆ ನೆರಳು ಕಟ್ಟಲಾಗುತ್ತದೆ. 1989ರಲ್ಲಿ ಮೊದಲಾಗಿ ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಸಂಗಮದಲ್ಲಿ ನಡೆಯುವ ಕುಂಭಮೇಳಕ್ಕೂ ನದಿಯ ದಂಡೆಯಲ್ಲಿ ತಾತ್ಕಾಲಿಕ ಬಿಡಾರಗಳೇ ಆಸರೆ. ಇಂಥ ಕಟ್ಟಡದಲ್ಲಿ ಉಳಿಯುವುದು ಗೋಡೆಯಲ್ಲ, ಅದನ್ನು ಮತ್ತೆ ಎಬ್ಬಿಸುವ ಕೈಚಳಕ. ತಿರುಮಕೂಡಲಿನಲ್ಲಿ ಮೇಳ ಮೊದಲಾದ ವರ್ಷವೇ, ಭೂಮಿಯ ಉತ್ತರದ ಅಂಚಿನ ಇನ್ನೊಂದು ನದೀತೀರದಲ್ಲಿ, ಇದೇ ತತ್ತ್ವದ ಮೇಲೆ ನಿಂತ ಬೇರೊಂದು ಕಟ್ಟುವ ಕಲೆಗೆ ಬೀಜ ಬಿದ್ದಿತು.

ಮಂಜುಗಡ್ಡೆಯಿಂದ ವಾಸದ ಕೋಣೆ ಕಟ್ಟುವ ಯೋಚನೆ ಮಾತ್ರ ಅದಕ್ಕಿಂತ ಎರಡೂವರೆ ಶತಮಾನ ಹಳೆಯದು, ಮತ್ತು ಅದರ ಆರಂಭ ಕ್ರೂರವಾದುದು. ರಷ್ಯದ ಸಾಮ್ರಾಜ್ಞಿ ಅನ್ನಾ ಇವಾನೊವ್ನಾ 1740ರ ಕಡುಚಳಿಯಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಒಂದು ಹಿಮದ ಅರಮನೆ ಕಟ್ಟಿಸಿದಳು. ವಾಸ್ತುಶಿಲ್ಪಿ ಪ್ಯೋತ್ರ್ ಯೆರೋಪ್ಕಿನ್‌ನ ಯೋಜನೆಯಂತೆ ಗಡ್ಡೆಗಳನ್ನು ಒಂದರ ಮೇಲೊಂದು ಪೇರಿಸಿ, ನಡುವೆ ಗಾರೆಯ ಬದಲು ನೀರು ಹೊಯ್ದು ಬೆಸೆಯಲಾಯಿತು. ಮಂಚ, ದಿಂಬು, ಮೇಜು, ಹೊರಗಿನ ಫಿರಂಗಿ, ಕೊನೆಗೆ ಒಂದು ಆನೆಯೂ ಮಂಜುಗಡ್ಡೆಯದೇ ಆಗಿದ್ದವು. ಆಸ್ಥಾನದಲ್ಲಿ ವಿದೂಷಕನ ಸ್ಥಾನಕ್ಕೆ ಇಳಿಸಲ್ಪಟ್ಟಿದ್ದ ರಾಜಕುಮಾರ ಮಿಖಾಯಿಲ್ ಗೊಲಿತ್ಸಿನ್‌ಗೆ ಬಲವಂತದ ಮದುವೆ ಮಾಡಿಸಿ, ದಂಪತಿಗಳನ್ನು ಕಾವಲಿನಲ್ಲಿ ಆ ಮಂಚದ ಮೇಲೆ ಇರುಳು ಕಳೆಯುವಂತೆ ಮಾಡಿದ್ದು ಆ ಅರಮನೆಯ ಉದ್ದೇಶವೇ ಆಗಿತ್ತು. ವಿಜ್ಞಾನ ಅಕಾಡೆಮಿಯ ಗಿಯೋರ್ಗ್ ಕ್ರಾಫ್ಟ್ ಇದರ ರಚನೆಯನ್ನು ವಿವರವಾಗಿ ಬರೆದಿಟ್ಟುದರಿಂದ ಆ ತಂತ್ರದ ನೆನಪು ಉಳಿಯಿತು. ಮುಂದೆ ಮಾಂಟ್ರಿಯಲ್‌ನಲ್ಲಿ 1883ರಲ್ಲಿ, ಅಮೆರಿಕದ ಸೇಂಟ್ ಪಾಲ್‌ನಲ್ಲಿ 1886ರಲ್ಲಿ ಚಳಿಗಾಲದ ಉತ್ಸವಗಳಿಗೆ ಹಿಮದ ಅರಮನೆಗಳು ಎದ್ದವಾದರೂ ಅವು ನೋಟಕ್ಕಷ್ಟೇ ಮೀಸಲಾದವು.

ಅತಿಥಿಯು ತಾನಾಗಿ ಬಯಸಿ ಮಲಗುವ ಹಿಮದ ಮನೆ ಹುಟ್ಟಿದ್ದು ಸ್ವೀಡನ್ನಿನ ಯುಕ್ಕಸ್‌ಯಾರ್ವಿಯಲ್ಲಿ. ಇದು ಕಬ್ಬಿಣದ ಅದಿರಿನ ಗಣಿಯ ಊರಾದ ಕಿರುನಾದ ಸಮೀಪ, ಉತ್ತರ ಧ್ರುವವೃತ್ತದಿಂದ ಸುಮಾರು 200 ಕಿಲೋಮೀಟರ್ ಉತ್ತರಕ್ಕೆ, ತೋರ್ನೆ ನದಿಯ ದಂಡೆಯ ಮೇಲಿರುವ ಸಣ್ಣ ಹಳ್ಳಿ. ಬೇಸಿಗೆಯಲ್ಲಿ ನದಿಯ ಸೆಳವಿನಲ್ಲಿ ಪ್ರವಾಸಿಗರಿಗೆ ದೋಣಿಯಾನ ಏರ್ಪಡಿಸುತ್ತಿದ್ದ ಇಂಗ್ವೆ ಬರ್ಗ್‌ಕ್ವಿಸ್ಟ್ ಎಂಬವರಿಗೆ, ಸೂರ್ಯನೇ ಮೂಡದ ಚಳಿಗಾಲದಲ್ಲಿ ಊರಿಗೆ ದುಡಿಮೆ ಎಲ್ಲಿಂದ ತರುವುದೆಂಬ ಚಿಂತೆಯಿತ್ತು. 1989ರಲ್ಲಿ ಜಪಾನಿನ ಹಿಮಶಿಲ್ಪಿಗಳು ಅಲ್ಲಿಗೆ ಬಂದು ಕೆಲಸ ಮಾಡಿದರು. ಮರುವರ್ಷ ಫ್ರಾನ್ಸಿನ ಕಲಾವಿದ ಜಾನೋ ದೆರಿದ್ ಅವರ ಕೃತಿಗಳ ಪ್ರದರ್ಶನಕ್ಕಾಗಿ ಹಿಮದ ಪಡಸಾಲೆಯೊಂದನ್ನು ಕಟ್ಟಲಾಯಿತು. ಊರಿನಲ್ಲಿ ಕೋಣೆಗಳು ಸಿಗದ ಒಂದು ರಾತ್ರಿ ಕೆಲವು ಸಂದರ್ಶಕರು ಆ ಪಡಸಾಲೆಯಲ್ಲೇ ಹಿಮಸಾರಂಗದ ಚರ್ಮ ಹಾಸಿ, ಮೈಚೀಲ ಹೊದ್ದು ಮಲಗಿ, ಬೆಳಿಗ್ಗೆ ಸುಖವಾಗಿಯೇ ಎದ್ದರು. ಹೀಗೆ ಹೋಟೆಲಿಗೂ ಮೊದಲು ಅಲ್ಲಿದ್ದದ್ದು ಕಲೆಯ ಪಡಸಾಲೆ ಎಂಬುದನ್ನು ಒತ್ತಿ ಹೇಳಬೇಕು, ಏಕೆಂದರೆ ಮುಂದಿನ ಬೆಳವಣಿಗೆಯೆಲ್ಲ ಈ ಕ್ರಮದಿಂದಲೇ ಅರ್ಥವಾಗುತ್ತದೆ.

ಅಲ್ಲಿನ ಕಟ್ಟಡದ ಕ್ರಮ ಒಂದು ವರ್ಷದ ಬೇಸಾಯದಂತೆ ಋತುಗಳನ್ನು ಅನುಸರಿಸುತ್ತದೆ. ಮಾರ್ಚ್ ತಿಂಗಳ ಸುಮಾರಿಗೆ, ನದಿಯ ಮೇಲಿನ ಪದರ ಚೆನ್ನಾಗಿ ದಪ್ಪಗಟ್ಟಿದಾಗ, ತಲಾ ಎರಡು ಟನ್ನಿನಷ್ಟು ತೂಗುವ ಗಡ್ಡೆಗಳನ್ನು ಯಂತ್ರದ ಗರಗಸದಿಂದ ಕೊಯ್ದು, ಬೇಸಿಗೆಯುದ್ದಕ್ಕೂ ತಂಪಾಗಿಟ್ಟ ಉಗ್ರಾಣದಲ್ಲಿ ಕೂಡಿಡುತ್ತಾರೆ. ಹರಿಯುವ ನೀರು ನಿಧಾನವಾಗಿ ಹೆಪ್ಪುಗಟ್ಟುವುದರಿಂದ ಗಾಳಿಗುಳ್ಳೆಯೂ ಕಲ್ಮಶವೂ ಒಳಗೆ ಸಿಲುಕುವುದು ಕಡಿಮೆ. ತೋರ್ನೆಯ ಗಡ್ಡೆ ಗಾಜಿನಷ್ಟು ತಿಳಿಯಾಗಿರುವುದಕ್ಕೆ ಇದೇ ಕಾರಣ. ಚಳಿ ಮರಳಿದ ಮೇಲೆ ಕಮಾನಿನ ಆಕಾರದ ಉಕ್ಕಿನ ಅಚ್ಚುಗಳನ್ನು ನಿಲ್ಲಿಸಿ, ಅವುಗಳ ಮೇಲೆ ‘ಸ್ನಿಸ್’ ಎಂದು ಅಲ್ಲಿನವರು ಕರೆಯುವ ಮಿಶ್ರಣವನ್ನು, ಅಂದರೆ ಹಿಮಕ್ಕೂ ಮಂಜುಗಡ್ಡೆಗೂ ನಡುವಿನ ಹದದ ದಟ್ಟ ಪದಾರ್ಥವನ್ನು, ಯಂತ್ರದಿಂದ ಎರಚುತ್ತಾರೆ; ಅದು ಗಟ್ಟಿಯಾದ ಮೇಲೆ ಅಚ್ಚನ್ನು ಎಳೆದು ತೆಗೆದರೆ ಕಮಾನು ತನ್ನ ಭಾರದಲ್ಲಿ ತಾನೇ ನಿಲ್ಲುತ್ತದೆ. ಹಿಮದೊಳಗೆ ಸಿಲುಕಿದ ಗಾಳಿ ಶಾಖವನ್ನು ಸುಲಭವಾಗಿ ಹಾಯಗೊಡದ ಕಾರಣ, ಹೊರಗೆ ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿ ಇದ್ದಾಗಲೂ ಒಳಗಿನ ಉಷ್ಣತೆ ಸೊನ್ನೆಗಿಂತ 5ರಿಂದ 8 ಡಿಗ್ರಿಯಷ್ಟೇ ಕೆಳಗಿರುತ್ತದೆ.

ಕೋಣೆಗಳ ಒಳಗೆಲಸ ಕಲಾವಿದರದು. ನಾನಾ ದೇಶಗಳಿಂದ ಬರುವ ಯೋಜನೆಗಳಲ್ಲಿ ಕೆಲವನ್ನು ಪ್ರತಿವರ್ಷ ಆರಿಸಲಾಗುತ್ತದೆ. ಆಯ್ಕೆಯಾದವರಲ್ಲಿ ಮಂಜುಗಡ್ಡೆಯನ್ನು ಹಿಂದೆಂದೂ ಮುಟ್ಟದ ವಾಸ್ತುಶಿಲ್ಪಿಗಳೂ ಚಿತ್ರಕಾರರೂ ಇರುತ್ತಾರೆ. ಕೆಲವೇ ವಾರಗಳಲ್ಲಿ ಅವರು ಉಳಿ ಗರಗಸ ಹಿಡಿದು ಗೋಡೆ, ಕಂಬ, ಮಂಚಗಳನ್ನು ಕೆತ್ತಿ ಮುಗಿಸಬೇಕು. ವಸಂತದಲ್ಲಿ ಎಲ್ಲವೂ ಕರಗಿ ನದಿಗೆ ಸೇರುವುದರಿಂದ ಈ ಕೃತಿಯನ್ನು ಕೊಂಡು ಕೂಡಿಡಲು ಯಾರಿಗೂ ಸಾಧ್ಯವಿಲ್ಲ. ನೋಡುಗನು ಒಂದಿಡೀ ರಾತ್ರಿ ಶಿಲ್ಪದ ಒಳಗೇ ಮಲಗಿ, ಅದರ ಬೆಳಕನ್ನೂ ಹಿಮ ಹೀರಿಕೊಂಡ ನಿಶ್ಶಬ್ದವನ್ನೂ ಅನುಭವಿಸುವ ಅವಕಾಶವನ್ನು ಕಲ್ಲು ಕಂಚುಗಳ ಸಂಗ್ರಹಾಲಯಗಳು ಕೊಡಲಾರವು; ಹಿಮದ ಹೋಟೆಲನ್ನು ಪ್ರವಾಸೋದ್ಯಮದ ಚರಿತ್ರೆಯಲ್ಲಿ ಮಾತ್ರವಲ್ಲದೆ ಶಿಲ್ಪಕಲೆಯ ಚರಿತ್ರೆಯಲ್ಲಿಯೂ ಸೇರಿಸಬೇಕಾದುದು ಈ ಕಾರಣದಿಂದ.

ಫಿನ್ಲೆಂಡಿನ ಕೆಮಿಯಲ್ಲಿ 1996ರಲ್ಲಿ ಮೊದಲ ಹಿಮದ ಕೋಟೆ ಎದ್ದಿತು; ನಾರ್ವೆಯ ಆಲ್ಟಾ, 2001ರಲ್ಲಿ ಕೆನಡದ ಕ್ವಿಬೆಕ್ ಇದೇ ಹಾದಿ ಹಿಡಿದವು. ಯುಕ್ಕಸ್‌ಯಾರ್ವಿಯಲ್ಲೇ 2016ರಲ್ಲಿ ವರ್ಷವಿಡೀ ತೆರೆದಿರುವ ಇನ್ನೊಂದು ಕಟ್ಟಡ ಸೇರಿತು. ಸೂರ್ಯ ಮುಳುಗದ ಬೇಸಿಗೆಯಲ್ಲಿ ಆ ಸೂರ್ಯನಿಂದಲೇ ಪಡೆದ ವಿದ್ಯುತ್ತಿನಿಂದ ಹಿಮವನ್ನು ಕರಗದಂತೆ ಕಾಯುವ ಈ ಏರ್ಪಾಡು ತಂತ್ರಜ್ಞಾನದ ದೃಷ್ಟಿಯಿಂದ ಮೆಚ್ಚತಕ್ಕದ್ದೇ. ಆದರೆ ಕಲೆಯ ದೃಷ್ಟಿಯಿಂದ ಅದು ಮೂಲದ ಸ್ವಭಾವಕ್ಕೆ ವಿರುದ್ಧವಾಗಿ ನಿಲ್ಲುತ್ತದೆ, ಏಕೆಂದರೆ ವರ್ಷಕ್ಕೊಮ್ಮೆ ಬರಿದಾಗುವ ನೆಲವೇ ಪ್ರತಿ ಚಳಿಗಾಲದಲ್ಲಿ ಹೊಸ ಕಲಾವಿದರಿಗೆ ಜಾಗ ಮಾಡಿಕೊಟ್ಟಿತ್ತು. ಹಳೆಯ ಕ್ರಮದ ಹೋಟೆಲನ್ನು ಕೈಬಿಡದೆ ಅದರ ಪಕ್ಕದಲ್ಲೇ ಈಗಲೂ ಪ್ರತಿವರ್ಷ ಹೊಸದಾಗಿ ಕಟ್ಟುತ್ತಿರುವುದು ಆ ಹಳ್ಳಿಯವರ ಸರಿಯಾದ ನಿರ್ಧಾರ.